ಹೆಸರಿಲ್ಲದ ಮೂರು ಪುಟ

ಎರಡನೇ ಪುಟ ಮುಗಿಯುವಷ್ಟರಲ್ಲಿ ವನಿತಾ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದ್ದಳು. ಕೈಯಲ್ಲಿದ್ದದ್ದು ಬರೀ ಕಥೆ. ಆದರೆ ಕಥೆಯೊಳಗಿನ ಅಡುಗೆಮನೆ ಅವಳದು.

ಸಹಕಾರನಗರದ ಪಾರ್ಕು, ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಕೆಲಸದ ಧೂಳು ಅಲ್ಲಿಯವರೆಗೂ ಬಂದು ಕಲ್ಲುಬೆಂಚಿನ ಮೇಲೆ ಕೂತಿತ್ತು. ಅದನ್ನು ಒರೆಸಿಕೊಂಡು ಕೂತವರು ಮೂವರು: ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದ ಬಾಲರಾಜ್, ಬಟ್ಟೆ ಹೊಲಿಯುವ ಅನೀಸಾ, ಬಸ್ ಕಂಡಕ್ಟರ್ ವೀರಬಸಪ್ಪ. ‘ಹೊಸ ವಿಲಕ್ಷಣ ಕಥೆಗಾರರ ಬಳಗ’ ಎಂದರೆ ಇಷ್ಟೇ ಜನ. ಹೋದ ವಾರ ಇವರ ಕರಪತ್ರ ಬಾಗಿಲ ಸಂದಿಯಿಂದ ಒಳಗೆ ಬಿದ್ದಿತ್ತು. ದೆವ್ವದ ಕಥೆಯೆಂದರೆ ಊಟ ಬಿಟ್ಟು ಓದುವ ವನಿತಾ, ಮಗಳು ಶಿಲ್ಪಾಳನ್ನೂ ಕರೆದುಕೊಂಡು ಬಂದೇಬಿಟ್ಟಿದ್ದಳು. ಪಕ್ಕದ ಮನೆಯ ಮುನಿಕೃಷ್ಣಮ್ಮ ಮಾತ್ರ, "ನಮ್ ಮನೆಗೆ ಯಾವ ಕಾಗ್ದಾನೂ ಬಂದಿಲ್ವಲ್ಲ" ಎಂದು ರಾಗ ಎಳೆದಿದ್ದಳು.

"ಪಾಳು ಬಂಗಲೆ, ಬಿಳಿ ಸೀರೆ ನಮ್ಮಲ್ಲಿ ನಡಿಯಲ್ಲ ಕಣಮ್ಮ," ಬಾಲರಾಜ್ ಮೊದಲೇ ಹೇಳಿದ್ದರು. "ದಿನ ಬಿಟ್ಟು ದಿನ ನೀರು ಬರೋ ಬಾಡಿಗೆ ಮನೇಲೇ ನಡೀಬೇಕು. ಒಂದೊಂದು ಪುಟ ಒಬ್ಬೊಬ್ಬರು ಬರೀತೀವಿ, ಹೆಸರು ಹಾಕಲ್ಲ. ಹೊಸಬರು ಗಟ್ಟಿಯಾಗಿ ಓದ್ಬೇಕು."

"ನೇರವಾಗಿ ಹೇಳಿದ್ರೆ ಜನ ನಗ್ತಾರೆ ಮೇಡಂ. ಕಥೆ ಅಂದ್ರೆ ಕೂತು ಕೇಳ್ತಾರೆ," ಎಂದ ವೀರಬಸಪ್ಪ. "ನಮ್ಮ ಬಸ್ಸಲ್ಲೂ ಅಷ್ಟೇ. ಒಳಗ್ ಹೋಗಿ ಅಂದ್ರೆ ಒಬ್ಬನೂ ಹೋಗಲ್ಲ."

ಆಗ ವನಿತಾ ನಕ್ಕಿದ್ದಳು. ಈಗ ನಗು ಎಲ್ಲಿಯದು?

ಕಥೆ ಇಷ್ಟು. ದಿನಾ ಮಧ್ಯಾಹ್ನ ನಾಲ್ಕಕ್ಕೆ ಅಡುಗೆಮನೆಯ ಗೋಡೆಯೊಳಗೆ ಯಾರೋ ಒಗ್ಗರಣೆ ಹಾಕುತ್ತಾರೆ. ಸಾಸಿವೆ ಸಿಡಿಯುತ್ತದೆ, ಕರಿಬೇವಿನ ಘಮ ಬರುತ್ತದೆ. ಗೋಡೆಯಾಚೆ ಇರುವುದು ಖಾಲಿ ಸೈಟು. ಮನೆಯಾಕೆ ಸೌಟಿನ ಹಿಡಿಯಿಂದ ಗೋಡೆಗೆ ಮೂರು ಸಲ ಬಡಿದರೆ ಸದ್ದು ನಿಲ್ಲುತ್ತದೆ. ಗಂಡನಿಗೆ ಹೇಳಿಲ್ಲ.

ವನಿತಾಳೂ ಹೇಳಿರಲಿಲ್ಲ. ಈಗಿನ ಬಾಡಿಗೆ ಮನೆಗೆ ಬಂದು ಎರಡು ತಿಂಗಳು. ಸೌಟಿನ ವಿಷಯ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹಾಗಾದರೆ ಇವರಲ್ಲಿ ಯಾರೋ ಒಬ್ಬರು ಕಿಟಕಿಯಿಂದ ಇಣುಕುತ್ತಿದ್ದಾರೆ. ಯಾರು? ಕಂಬ ಹತ್ತಿ ಪಳಗಿದ ಬಾಲರಾಜೇ?

ಮೂರನೇ ಪುಟದ ಕೈಬರಹ ದುಂಡಗಿತ್ತು. ‘ಸಂಜೆ ತಟ್ಟೆ ಇಟ್ಟರೆ ಮಗು, ನನಗೆ ಬೇಡಮ್ಮ, ಊಟ ಆಯ್ತು ಅಂದಿತು. ತುಟಿಯ ಅಂಚಿಗೆ ಸಾಸಿವೆ ಅಂಟಿತ್ತು.’ ಪುಟ ಅಲ್ಲಿಗೇ ಮುಗಿದಿತ್ತು.

ಶಿಲ್ಪಾ ಆ ಮಾತು ಆಡಿದ್ದು ನಿನ್ನೆ ಸಂಜೆ.

ವನಿತಾ ಥಟ್ಟನೆ ಉಯ್ಯಾಲೆಯ ಕಡೆ ತಿರುಗಿದಳು. ಮಗಳು ಅಲ್ಲೇ ಇದ್ದಳು. ಅನೀಸಾಳ ಕಣ್ಣೂ ಅಲ್ಲೇ ಇತ್ತು, ಬಂದಾಗಿನಿಂದ.

"ಆಮೇಲೆ ಮಗು ಏನಾಯ್ತು?" ವನಿತಾ ಕೇಳಿದಳು.

"ಅದನ್ನ ಬರೆಯೋಕೆ ನನ್ ಕೈಲಿ ಆಗ್ತಿಲ್ಲ," ಅನೀಸಾ ತಣ್ಣಗೆ ಹೇಳಿದಳು. "ನಾಲ್ಕು ಗಂಟೆ ಹೊತ್ತಿಗೆ ನಿಮ್ ಮಗು ಆ ಮನೇಲಿ ಇರಬಾರದು, ಅಷ್ಟೇ."

ಬೆದರಿಕೆ. ವನಿತಾ ಓಡಿಹೋಗಿ ಮಗಳನ್ನು ಸೊಂಟಕ್ಕೇರಿಸಿಕೊಂಡಳು. ಮತ್ತೊಂದು ಕೈಯಲ್ಲಿ ಫೋನು ತೆಗೆದಳು.

"ಪೊಲೀಸ್ರಿಗೆ ಫೋನ್ ಮಾಡ್ತೀನಿ. ನನ್ನ ಅಡುಗೆಮನೆ ಬಗ್ಗೆ ಬರೆದಿರೋರು ನಿಮ್ಮಲ್ಲಿ ಯಾರು ಹೇಳ್ರಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಧಾನವಾಗಿ, ಶಾಲೆಯ ಮಕ್ಕಳ ಹಾಗೆ, ಮೂರು ಕೈಗಳು ಮೇಲೆದ್ದವು.

"ನಾವ್ಯಾರೂ ಕಥೆಗಾರರಲ್ಲ ಕಣಮ್ಮ," ಎಂದರು ಬಾಲರಾಜ್. "ನಿಮಗಿಂತ ಮುಂಚೆ ಆ ಮನೇಲಿ ಒಬ್ಬರಾದ ಮೇಲೊಬ್ಬರು ಬಾಡಿಗೆಗೆ ಇದ್ದೋರು."