ಹಲ್ಲಿನ ಹಿಂಬದಿ

"ವಾಂತಿ ಏನಾದ್ರೂ ಆಗ್ತಿರುತ್ತಾ?" ಎಂದು ಡಾಕ್ಟರ್ ಸಮನ್ವಿತಾ ಕೇಳಿದ್ದು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಸುರಭಿಯನ್ನು. ಉತ್ತರ ಬಂದದ್ದು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವಳ ಅಮ್ಮ ಹಂಸಾಳಿಂದ.

"ಇವಳಿಗಾ? ಕಲ್ಲು ತಿಂದು ಕಲ್ಲು ಅರಗಿಸ್ಕೊಳ್ಳೋ ವಯಸ್ಸು ಡಾಕ್ಟ್ರೇ. ಎಷ್ಟು ತಿಂದ್ರೂ ಮೈಗೆ ಹತ್ತಲ್ಲ. ತಪ್ಪೆಲ್ಲ ನಂದೇ. ಮುಂದಿನ ತಿಂಗಳು ರಂಗಪ್ರವೇಶ. ಡ್ಯಾನ್ಸ್ ಕ್ಲಾಸಿನ ಅಲಮೇಲು ಮೇಡಂ ಸೊಂಟ ಸ್ವಲ್ಪ ಇಳೀಬೇಕು ಅಂದ್ರು ಅಂತ ದಿನಾ ಬೆಳಗ್ಗೆ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕೊಡ್ತಿದ್ದೆ. ಹಲ್ಲು ಜುಂ ಅಂತಿರೋದು ಅದಕ್ಕೇ."

"ನಾನು ಸುರಭೀನ ಕೇಳ್ದೆ ಆಂಟಿ."

ಸುರಭಿಯ ತುಟಿಗಳ ಒಳಗೆ ಹತ್ತಿಯ ಸುರುಳಿಗಳಿದ್ದವು. ಅವಳು ಕಣ್ಣು ಮುಚ್ಚಿಕೊಂಡಳು.

"ನಿಂಬೆಹಣ್ಣಿಂದ ಆಗಿದ್ರೆ ಮುಂಭಾಗ ಸವೀಬೇಕಿತ್ತು. ಇಲ್ಲಿ ನೋಡಿ." ಡಾಕ್ಟರ್ ಪುಟ್ಟ ಕನ್ನಡಿಯನ್ನು ಮೇಲಿನ ಹಲ್ಲುಗಳ ಹಿಂದೆ ಹಿಡಿದು ದೀಪ ಬಗ್ಗಿಸಿದರು. ಹಂಸಾ ಬಗ್ಗಿ ನೋಡಿದಳು. ಮದುವೆಮನೆಗಳಲ್ಲಿ ಹೆಂಗಸರು ಗಲ್ಲ ಹಿಡಿದು ಹೊಗಳುತ್ತಿದ್ದ ಆ ಹಲ್ಲಿನ ಸಾಲು ಹಿಂದಿನಿಂದ ಬೇರೆ ಯಾರದ್ದೋ ಆಗಿತ್ತು. ನುಣ್ಣಗೆ, ಹಳದಿಯಾಗಿ, ಚೀಪಿ ಚೀಪಿ ತೆಳ್ಳಗಾದ ಪೆಪ್ಪರ್‌ಮಿಂಟಿನ ಹಾಗೆ.

"ಈ ಹುಳಿ ಹೊಟ್ಟೆಯಿಂದ ಮೇಲೆ ಬಂದಿದ್ದು," ಎಂದರು ಡಾಕ್ಟರ್, ಧ್ವನಿ ತಗ್ಗಿಸಿ. "ಎನಾಮೆಲ್ ಮೆತ್ತಗಾಗಿದೆ. ಇವತ್ತು ಫ್ಲೋರೈಡ್ ವಾರ್ನಿಷ್ ಹಚ್ತೀನಿ. ಗಟ್ಟಿ ಆಗೋಕೆ ಸಹಾಯ ಆಗುತ್ತೆ."

"ವಾರ್ನಿಷ್ಷಾ? ಬಾಗಿಲಿಗೆ ಹೊಡೆಸ್ತೀವಲ್ಲ, ಹಾಗಾ?" ಹಂಸಾ ನಗಲು ನೋಡಿದಳು.

"ಹೆಚ್ಚು ಕಮ್ಮಿ ಹಾಗೇ. ಆದ್ರೆ ದಿನಾ ಮಳೆ ಇರಚಲು ಹೊಡೀತಿದ್ರೆ ಬಾಗಿಲಿನ ವಾರ್ನಿಷ್ ಎಷ್ಟು ದಿನ ನಿಲ್ಲುತ್ತೆ ಹೇಳಿ."

ಸಣ್ಣ ಬ್ರಷ್ಷು ಒಂದೊಂದೇ ಹಲ್ಲನ್ನು ಸವರಿ ಹೋಯಿತು. ಮುಗಿದ ಮೇಲೆ ಡಾಕ್ಟರ್ ಗ್ಲೌಸು ಕಳಚುತ್ತ, ಇಬ್ಬರಲ್ಲಿ ಯಾರ ಮುಖವನ್ನೂ ನೋಡದೆ ಹೇಳಿದರು: "ನಾಳೆ ಬೆಳಗ್ಗೆವರೆಗೂ ಬ್ರಷ್ ಬೇಡ. ಇವತ್ತು ಬಿಸಿಯದು, ಗಟ್ಟಿಯದು ಬೇಡ. ಇನ್ನೊಂದು ವಿಷಯ. ಯಾವಾಗಲಾದ್ರೂ ವಾಂತಿ ಆದ್ರೆ ತಕ್ಷಣ ಹಲ್ಲುಜ್ಜೋಕೆ ಹೋಗ್ಬಾರ್ದು. ನೀರಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿ ಮುಕ್ಕಳಿಸಬೇಕು. ಆಮೇಲೆ ನನಗೊಂದು ಫೋನ್ ಮಾಡ್ಬೇಕು, ಸುರಭಿ. ಬೈಯಲ್ಲ ನಾನು."

ಜಯನಗರದ ನಾಲ್ಕನೇ ಬ್ಲಾಕಿನಿಂದ ಬನಶಂಕರಿಗೆ ಆಟೋದಲ್ಲಿ ಮಹಾ ಎಷ್ಟು ಹೊತ್ತಿನ ದಾರಿ? ಅವತ್ತು ಪ್ರತಿ ಸಿಗ್ನಲ್ಲೂ ಕೆಂಪಾಗಿಯೇ ಸಿಕ್ಕಿತು.

"ಗ್ಯಾಸ್ಟ್ರಿಕ್ ಇರ್ಬೇಕು ಅಲ್ವೇನೇ?"

"ಹೂಂ. ಗ್ಯಾಸ್ಟ್ರಿಕ್ಕೇ."

ಆ ಉತ್ತರ ಪ್ರಶ್ನೆ ಮುಗಿಯುವ ಮೊದಲೇ ಬಂದಿತ್ತು. ಸುರಭಿ ಅಭ್ಯಾಸಬಲದಿಂದ ಬ್ಯಾಗಿನ ಜೇಬಿನಿಂದ ಒಂದು ಏಲಕ್ಕಿ ತೆಗೆದವಳು, ಗಟ್ಟಿಯದು ಬೇಡ ಎಂದದ್ದು ನೆನಪಾಗಿ ಮತ್ತೆ ಒಳಗಿಟ್ಟಳು. ಊಟವಾದ ಮೇಲೆಲ್ಲ ಏಲಕ್ಕಿ ಜಗಿಯುತ್ತಾಳೆ, ಬಾಯಿ ಘಮ್ ಅನ್ನುತ್ತಿರುತ್ತದೆ ಎಂದು ಮನೆಗೆ ಬಂದವರ ಮುಂದೆಲ್ಲ ಹಂಸಾ ಹೇಳಿಕೊಂಡಿದ್ದಳು. ಈಗ ಮಗಳ ಬ್ಯಾಗಿನ ಆ ಜೇಬನ್ನೇ ನೋಡಿದಳು.

ಮನೆಯಲ್ಲಿ ಅನ್ನವನ್ನು ಮೆತ್ತಗೆ ಕಿವುಚಿ, ಕರಿಬೇವು ಹಾಕದೆ ಬರೀ ಇಂಗಿನ ಒಗ್ಗರಣೆ ಕೊಟ್ಟು ಮೊಸರನ್ನ ಕಲಸಿದಳು. ಸುರಭಿ ತಲೆ ಎತ್ತದೆ ತಿಂದಳು. ಹಂಸಾ ಎಂದೂ ಹೀಗೆ ಮಗಳ ಗಂಟಲನ್ನೇ ನೋಡುತ್ತ ಕೂತವಳಲ್ಲ.

"ಇನ್ನೊಂಚೂರು ಹಾಕ್ಲಾ?" ಕೇಳಬಾರದು ಅಂದುಕೊಂಡರೂ ಬಾಯಿ ಕೇಳಿಬಿಟ್ಟಿತು.

"ಹಾಕು."

ತಟ್ಟೆ ಬರಿದಾದ ಮೇಲೆ ಸುರಭಿ ಎದ್ದಳು. "ಪ್ರಾಕ್ಟೀಸ್ ಸೀರೆ ಒಗ್ದು ಹಾಕ್ಬಿಡ್ತೀನಿ ಅಮ್ಮ."

ಬಚ್ಚಲಿನ ಚಿಲಕ ಬಿತ್ತು. ಟ್ಯಾಪು ಪೂರ್ತಿ ತೆರೆದುಕೊಂಡು ಬಕೆಟ್ಟಿಗೆ ಧೋ ಎಂದು ನೀರು ಬೀಳತೊಡಗಿತು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಮನೆ ಅದು. ಆ ಸದ್ದು ಕೇಳಿದರೆ ಸಾಕು, ಹಂಸಾ ಎಲ್ಲಿದ್ದರೂ ಕೂಗುತ್ತಿದ್ದಳು: "ಸಂಪಲ್ಲಿ ನೀರಿಲ್ಲ ಕಣೇ, ನಿಲ್ಸು." ಇಷ್ಟು ದಿನವೂ ಊಟವಾದ ಮೇಲೆ ಹೀಗೇ ಕೂಗಿದ್ದಳು. ಅವಳಿಗೆ ನೀರು ಪೋಲಾಗುವುದೊಂದೇ ಕೇಳಿಸಿತ್ತು.

ಇವತ್ತು ಕೂಗಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಬೆಕ್ಕಿನ ಹೆಜ್ಜೆಯಿಟ್ಟು ಹಿಂದೆ ಪಾತ್ರೆ ತೊಳೆಯುವ ಯುಟಿಲಿಟಿಗೆ ಹೋದಳು. ಬಚ್ಚಲಿನ ವೆಂಟಿಲೇಟರ್ ತೆರೆದುಕೊಳ್ಳುವುದು ಅಲ್ಲಿಗೇ. ಅದರ ಕೆಳಗೆ ಬಚ್ಚಲಿಗೆ ಹೋಗುವ ಪೈಪಿನ ವಾಲ್ವು. ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಸೆರಗಿನ ತುದಿ ಸುತ್ತಿ ಎರಡೂ ಕೈಯಲ್ಲಿ ತಿರುಗಿಸಿದಳು.

ನೀರಿನ ಸದ್ದು ಸಣ್ಣಗಾಯಿತು, ಎಳೆಯಾಯಿತು, ನಿಂತಿತು. ನಿಂತ ಮೇಲೂ ಒಂದು ಕ್ಷಣ ಇನ್ನೊಂದು ಸದ್ದು ಉಳಿದಿತ್ತು. ತಾನು ಒಬ್ಬಂಟಿಯಾಗಿ ಕೇಳಿಸುತ್ತಿದ್ದೇನೆಂದು ಗೊತ್ತಾದಂತೆ ಅದು ಅರ್ಧಕ್ಕೇ ತಡೆದುಕೊಂಡಿತು. ವೆಂಟಿಲೇಟರಿನ ಸಂದಿನಿಂದ ಇಂಗಿನ ವಾಸನೆ ಬಂತು, ಹುಳಿಯಾಗಿ.

"ಅಮ್ಮಾ, ನೀರು ಹೋಯ್ತು ನೋಡು." ಏನೂ ಆಗಿಲ್ಲವೆನ್ನುವ ಹಾಗೆ ಜೋಪಾನವಾಗಿ ಆಡಿದ ಮಾತು.

ಹಂಸಾ ಅಡಿಗೆಮನೆಗೆ ನಡೆದಳು. ಫಿಲ್ಟರಿನಿಂದ ಒಂದು ಲೋಟ ನೀರು ಹಿಡಿದು, ಡಬ್ಬಿಯಿಂದ ಚಿಟಿಕೆ ಸೋಡಾ ಹಾಕಿ, ಬೆರಳಲ್ಲೇ ಕಲಕಿದಳು. ಬಚ್ಚಲಿನ ಬಾಗಿಲ ಮುಂದೆ ಬಂದು ನಿಂತಳು.

"ಬ್ರಷ್ ಮಾಡ್ಬೇಡ ಪುಟ್ಟಿ. ನೀರಿಗೆ ಅಡಿಗೆ ಸೋಡಾ ಹಾಕಿ ತಂದಿದೀನಿ. ಮುಕ್ಕಳಿಸು. ಬಾಗಿಲು ತೆಗಿ."

ಚಿಲಕ ಅಲುಗಲಿಲ್ಲ. ಹಂಸಾ ಲೋಟ ಹಿಡಿದುಕೊಂಡೇ ಬಾಗಿಲ ಪಕ್ಕ ನೆಲದ ಮೇಲೆ ಕೂತಳು.