ಹೆದ್ದಾರಿ ಕಾಣದ ಕಾರು

ಮುರುಗಪ್ಪ ಆಯಿಲ್ ಗೇಜನ್ನು ಮೂರನೆಯ ಸಲ ಒರೆಸಿ, ಎಂಜಿನ್‌ಗೆ ಅದ್ದಿ ತೆಗೆದ. ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಮೂಸಿದರೆ ಡೀಸೆಲ್ ವಾಸನೆ. ತಲೆ ಎತ್ತಿ, ಗೋಡೆಗೊರಗಿ ನಿಂತಿದ್ದ ಡ್ರೈವರ್ ಜುಂಜಣ್ಣನನ್ನು ನೋಡಿದ. ಜುಂಜಣ್ಣ ಕಣ್ಣು ತಪ್ಪಿಸಿದ.

ಇಪ್ಪತ್ತು ವರ್ಷದಿಂದ ಚಿತ್ರದುರ್ಗದಲ್ಲಿ ಗ್ಯಾರೇಜು ನಡೆಸಿದವನಿಗೆ ಅಷ್ಟೇ ಸಾಕು. ಗಾಡಿಗೆ ಸುಳ್ಳು ಹೇಳಲು ಬರುವುದಿಲ್ಲ, ಡ್ರೈವರಿಗೆ ಬರುತ್ತದೆ ಎಂಬುದು ಮುರುಗಪ್ಪನ ನಂಬಿಕೆ. ಹಾಗೆ ನಂಬಿ ಅವನು ಯಾವತ್ತೂ ಕೆಟ್ಟಿರಲಿಲ್ಲ.

ಕಾರು ಹಾರ್ಡ್‌ವೇರ್ ಅಂಗಡಿಯ ಪ್ರಸನ್ನಕುಮಾರನದು. ಬೆಂಗಳೂರಿನಿಂದ ತಂದ ಹಳೆಯ ವಿದೇಶಿ ಡೀಸೆಲ್ ಗಾಡಿ. ಸೈಲೆನ್ಸರಿನ ಕೊಳವೆಯೊಳಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇತ್ತು. ೨೦೦೯ರಲ್ಲಿ ಅಂಥದ್ದಕ್ಕೆ ಕೈಹಾಕುವ ಧೈರ್ಯ ಇಡೀ ಊರಿನಲ್ಲಿ ಮುರುಗಪ್ಪನೊಬ್ಬನಿಗೇ ಇದ್ದದ್ದು, ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಕಾರು ಈಗ ಏರಿನಲ್ಲಿ ಎಳೆಯುತ್ತಿರಲಿಲ್ಲ, ನಲವತ್ತರ ಮೇಲೆ ಓಡುತ್ತಿರಲಿಲ್ಲ. ಸ್ಟೀರಿಂಗಿನ ಮುಂದೆ ಎಚ್ಚರಿಕೆಯ ಹಳದಿ ದೀಪ ಹತ್ತಿ ಕೂತಿತ್ತು. ಕಿಲೋಮೀಟರ್ ತೋರಿಸುವ ಮೀಟರು ಹೋದ ವರ್ಷವೇ ಸತ್ತಿತ್ತು.

ಸೋಮವಾರದೊಳಗೆ ಗಾಡಿ ಆಗಲೇಬೇಕೆಂದು ಪ್ರಸನ್ನಕುಮಾರ್ ಬೆಳಿಗ್ಗೆಯಿಂದ ಎರಡು ಸಲ ಬಂದು ಹೋಗಿದ್ದ. ಅವನ ತಾಯಿ ಹೊನ್ನಕ್ಕನಿಗೆ ಗಂಟಲಲ್ಲಿ ಕ್ಯಾನ್ಸರ್ ಗಂಟು. ದಾವಣಗೆರೆಯ ಆಸ್ಪತ್ರೆಯಲ್ಲಿ ಮೂವತ್ತಮೂರು ದಿನ ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಬೇಕು, ತಪ್ಪಿಸದಿದ್ದರೆ ಉಳಿಯುತ್ತಾರೆ, ತಪ್ಪಿಸಿದರೆ ತಾವು ಹೊಣೆಯಲ್ಲ ಎಂದು ಡಾಕ್ಟರು ಹೇಳಿದ್ದರು. ಮೊದಲು, ಕರೆಂಟ್ ಕೊಡುವಾಗ ತಲೆ ಅಲುಗದಂತೆ ಮುಖಕ್ಕೆ ಬಿಗಿಯುವ ಜಾಲರಿಯ ಅಚ್ಚು ಹಾಕಿಸಲು ಮಗನೇ ಕರೆದೊಯ್ದಿದ್ದ. ಅಂಗಡಿ ಬಿಡುವಂತಿರಲಿಲ್ಲ, ಆಮೇಲಿನ ಇಪ್ಪತ್ತೆಂಟು ದಿನವೂ ಜುಂಜಣ್ಣನದೇ ಕೆಲಸ. ಬೇರೆಯವರಿಗೆ ಕರೆಂಟಿನಿಂದ ಕುತ್ತಿಗೆಯೆಲ್ಲ ಸುಟ್ಟು ಕರ್ರಗಾಗಿದೆಯಂತೆ, ಅವ್ವನ ಚರ್ಮಕ್ಕೆ ಒಂದು ಕಲೆಯೂ ಬಿದ್ದಿಲ್ಲ ಎಂದು ಪ್ರಸನ್ನಕುಮಾರ್ ಆ ಆಸ್ಪತ್ರೆಯ ಮೆಷಿನ್ನನ್ನು ಹೊಗಳಿದ್ದೇ ಹೊಗಳಿದ್ದು.

ಮುರುಗಪ್ಪ ಒಂದೊಂದಾಗಿ ನೋಡಿಕೊಂಡು ಬಂದ. ಟರ್ಬೊ ಪೈಪು ಹರಿದಿರಲಿಲ್ಲ. ಇಂಜೆಕ್ಟರ್ ಸರಿಯಿತ್ತು. ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸಿರಲಿಲ್ಲ. ಕೊನೆಗೆ ಫಿಲ್ಟರಿಗೆ ಮೊದಲು, ಎಂಜಿನ್ ಕಡೆಗಿದ್ದ ತೂತಿಗೆ ಪ್ರೆಶರ್ ಗೇಜು ಹಾಕಿ ಎಂಜಿನ್ ರೈಸ್ ಮಾಡಿಸಿದ. ಮುಳ್ಳು ಎಗರಿ ತುದಿಗೆ ಹೊಡೆಯಿತು. ಹೊಗೆಗೆ ಹೊರಹೋಗಲು ದಾರಿಯೇ ಇರಲಿಲ್ಲ. ಫಿಲ್ಟರು ಮಸಿಯಿಂದ ಕಟ್ಟಿಹೋಗಿತ್ತು.

ಪ್ರಸನ್ನಕುಮಾರ್ ಮೂರನೆಯ ಸಲ ಬಂದಾಗ ಮುರುಗಪ್ಪ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಬಿಡಿಸಿ ಹೇಳಿದ. ಈ ಫಿಲ್ಟರು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಅದಕ್ಕೆ ಕಾವು ಬೇಕು, ಅರ್ಧ ಗಂಟೆಯಾದರೂ ಜೋರಾಗಿ ಓಡಬೇಕು. ಊರೊಳಗೆ ತೆವಳಿ, ನಿಂತಲ್ಲೇ ಎಂಜಿನ್ ಉರಿಸಿದರೆ ಮಸಿ ಅಲ್ಲೇ ಕೂರುತ್ತದೆ. ಮಸಿ ಸುಡಲೆಂದು ಎಂಜಿನ್ ಸುರಿದ ಹೆಚ್ಚಿನ ಡೀಸೆಲ್ ಆಯಿಲಿಗೆ ಇಳಿಯುತ್ತದೆ.

“ದಿನಾ ದಾವಣಗೆರೆಗೆ ಹೋಗಿ ಬರೋ ಗಾಡಿಗೆ ಹಿಂಗಾಗಕ್ಕೆ ಸಾಧ್ಯನೇ ಇಲ್ಲ ಸಾವ್ಕಾರ್ರೇ. ಈ ಕಾರು ಒಂದು ತಿಂಗಳಿಂದ ಹೈವೇನೇ ಕಂಡಿಲ್ಲ.”

ಮತ್ತೆ ಅವ್ವ ಹೇಗೆ ಹೋಗುತ್ತಿದ್ದಳು? ಪ್ರಸನ್ನಕುಮಾರ್ ಕೇಳಿದ. ಅದಕ್ಕೂ ಮುರುಗಪ್ಪನ ಬಳಿ ಉತ್ತರ ಸಿದ್ಧವಿತ್ತು. ಮುದುಕಿಯನ್ನು ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿಸಿ, ಸಂಜೆಯವರೆಗೆ ಊರೊಳಗೆ ಬಾಡಿಗೆ ಹೊಡೆದು, ಮಧ್ಯೆ ಎಸಿ ಹಾಕಿಕೊಂಡು ಮಲಗಿದ್ದಾನೆ. ಬೇರೆ ಇನ್ನೇನು?

ಪ್ರಸನ್ನಕುಮಾರನ ಮುಖ ಕಪ್ಪಿಟ್ಟಿತು. ಎದ್ದು ಹೋಗಿ ಜುಂಜಣ್ಣನ ಅಂಗಿ ಹಿಡಿದ.

“ಲೇ, ಕಾಯಿಲೆ ಬಿದ್ದ ಅವ್ವನ್ನ ಬಸ್ಸಿಗೆ ಹತ್ತಿಸಿದ್ಯೇನೋ?”

“ಇಲ್ರಿ. ಅವ್ವಾರು ಒಂದಿನಾನೂ ಕಾರಿಂದ ಇಳಿದಿಲ್ಲ.”

“ಹಂಗಾರೆ ಕಾರು ಎಲ್ಲಿಗೋಗಿತ್ತು?”

ಜುಂಜಣ್ಣ ಬಾಯಿ ಬಿಡಲಿಲ್ಲ. ಪೆಟ್ಟು ಬಿತ್ತು. ಇನ್ನೊಂದೂ ಬಿತ್ತು. ಬೀದಿಯವರೆಲ್ಲ ಬಂದು ನಿಂತರು, ಮುದುಕಿಯ ಬಾಯಿಗೆ ಮಣ್ಣು ಹಾಕಿದ ಕಳ್ಳ ಎಂದು ಯಾರೋ ಉಗಿದರು. ಅವನು ಜೇಬಿನಿಂದ ಮನೆಯ ಗೇಟಿನ ಕೀಲಿ ತೆಗೆದು ಸ್ಟೂಲಿನ ಮೇಲಿಟ್ಟು, ತಲೆ ಬಗ್ಗಿಸಿಕೊಂಡು ನಡೆದುಬಿಟ್ಟ. ತಪ್ಪು ಮಾಡಿದವನು ಹೀಗೇ ಹೋಗುವುದು ಎಂದುಕೊಂಡ ಮುರುಗಪ್ಪ. ಅವನಿಗೆ ಒಳಗೊಳಗೇ ಹಿಗ್ಗೂ ಆಯಿತು.

ಅವತ್ತು ಮನೆಯಲ್ಲಿ ಹೊನ್ನಕ್ಕ ಅತ್ತಳಂತೆ. ಅವನದೇನೂ ತಪ್ಪಿಲ್ಲ, ಅವನನ್ನು ಕರೆಸು ಎಂದು ಹಟ ಹಿಡಿದಳಂತೆ. ಆಳುಕಾಳುಗಳ ಮೇಲೆ ಅವ್ವನಿಗೆ ಮೊದಲಿನಿಂದಲೂ ಕರುಳು ಜಾಸ್ತಿ ಎಂದು ಮಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಮುರುಗಪ್ಪ ಫಿಲ್ಟರು ಬಿಚ್ಚಿ, ಗಾಳಿ ಹೊಡೆದು, ಆಯಿಲ್ ಬದಲಾಯಿಸಿ, ಹಿರಿಯೂರಿನ ತನಕ ಕಾರನ್ನು ತಾನೇ ಓಡಿಸಿದ. ಹಳದಿ ದೀಪ ಆರಿತು. ಇಂಥ ಕೆಲಸ ಬೆಂಗಳೂರಿನಲ್ಲೂ ಯಾರೂ ಮಾಡಲಾರರು ಎನ್ನಿಸಿ, ದಾರಿಯಲ್ಲಿ ಎರಡು ಟೀ ಕುಡಿದ.

ಸೋಮವಾರ ಅಂಗಡಿಗೆ ಬೀಗ ಹಾಕಿ ಪ್ರಸನ್ನಕುಮಾರನೇ ತಾಯಿಯನ್ನು ಕರೆದುಕೊಂಡು ಹೋದ. ಮಧ್ಯಾಹ್ನ ಮೂರಕ್ಕೆಲ್ಲ ಕಾರು ಗ್ಯಾರೇಜಿನ ಮುಂದೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಹೊನ್ನಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಹೊಗಳಿಕೆ ಕೇಳಲು ಮುರುಗಪ್ಪ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ.

“ನೀನು ಹೇಳಿದ್ದು ಸರಿ ಐತಪ್ಪ. ಕಾರು ಹೈವೇ ಕಂಡಿಲ್ಲ,” ಎಂದ ಪ್ರಸನ್ನಕುಮಾರ್. “ಗಂಟು ಬೆಳೆದುಬಿಟ್ಟೈತಂತೆ, ಈಗ ಕರೆಂಟ್ ಶುರು ಮಾಡಿದ್ರೂ ಪ್ರಯೋಜನ ಇಲ್ವಂತೆ.”

ಅವನು ಚಾಚಿದ ಆಸ್ಪತ್ರೆಯ ಕಾರ್ಡಿನಲ್ಲಿ ಮೂವತ್ತಮೂರು ಚೌಕಗಳಿದ್ದವು. ಒಂದರಲ್ಲೂ ಸಹಿ ಇರಲಿಲ್ಲ.

ಆ ಜಾಲರಿಗೆ ಹೆದರಿದ ಹೊನ್ನಕ್ಕ ಮೊದಲ ದಿನವೇ ಊರಂಚಿನ ಜೋಗಿಮಟ್ಟಿ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ, ಮಗನಿಗೆ ಹೇಳಿದರೆ ತಾನು ಸತ್ತಂತೆಯೇ ಎಂದು ಜುಂಜಣ್ಣನ ಕೈಯನ್ನು ತನ್ನ ತಲೆಯ ಮೇಲಿಡಿಸಿ ಆಣೆ ಹಾಕಿಸಿಕೊಂಡಿದ್ದಳು. ಬಾಯಿ ಬಿಟ್ಟರೆ ಅವ್ವ ಸಾಯುತ್ತಾಳೆಂದು ಅವನು ಇಪ್ಪತ್ತೆಂಟು ದಿನವೂ ಅವಳನ್ನು ಅಲ್ಲೇ ನೆರಳಿನಲ್ಲಿ, ಎಸಿ ಹಾಕಿ ಮಲಗಿಸಿ ಕಾದಿದ್ದ.