ನೂರು ಪಟ್ಟಿನ ಕೋಳಿ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಇವತ್ತು ಕೋಳಿಗೂಡಿನ ವಾಸನೆ ಬಂದು ಆ ಭಾನುವಾರ ಕಣ್ಣೆದುರು ನಿಂತಿತು.

ದೇವರಿಗೆ ಕೊಟ್ಟದ್ದು ನೂರು ಪಟ್ಟಾಗಿ ಬರುತ್ತದೆಂದು ನಮ್ಮ ಕಳಸದ ಪಾದ್ರಿಗಳು ಹೇಳಿದ್ದರು. ನನಗೋ ಎಸ್ಟೇಟಿನ ದೊರೆಯಂತೆ ಸಾಹುಕಾರನಾಗುವ ಆಸೆ. ಕೊಡಲು ಏನೂ ಇರಲಿಲ್ಲ. ಪಕ್ಕದ ಮನೆಯ ವಿಧವೆಯ ಮೊಟ್ಟೆಯಿಡುವ ಕೋಳಿಯನ್ನು ಹಿಡಿದು, ನನ್ನದೆಂದು ಇಗರ್ಜಿಯ ಹರಕೆ ಹರಾಜಿಗೆ ಕೊಟ್ಟೆ.

ಪೂಜೆ ಮುಗಿದು ಹೊರಬಂದ ಆ ವಿಧವೆಯನ್ನು ಕಂಡೊಡನೆ ಕೋಳಿ ಕುತ್ತಿಗೆ ಚಾಚಿತು.

"ಇದು ನಿಮ್ಮದಲ್ವಾ ಬಾಯಿ?" ಎಂದರು ಪಾದ್ರಿಗಳು.

ಆಕೆ ನನ್ನ ಮುಖ ನೋಡಿದರು. "ಹುಡುಗಂದೇ ಇರ್ಬೇಕು. ಚೆಂದ ಉಂಟು, ನಾನೇ ತಗೊಳ್ತೇನೆ" ಎಂದು ತಮ್ಮ ಕೋಳಿಯನ್ನೇ ದುಡ್ಡು ಕೊಟ್ಟು ಬಿಡಿಸಿಕೊಂಡರು.

ದಾರಿಯಲ್ಲಿ, "ನೂರು ಕೋಳಿ ಬಂದ್ರೆ ಎಲ್ಲಿ ಕೂಡಿಹಾಕ್ತೀಯ ಮಾರಾಯ?" ಎಂದು ನಕ್ಕರು.

ನಾನೂ ನಕ್ಕೆ. ಕ್ಷಮೆ ಕೇಳಲಿಲ್ಲ. ಅವರ ಹೆಸರು ಕರ್ಮಿನಾ ಬಾಯಿ.